ಇದು ಯಾರು ತೀರ್ಮಾನಿಸಬೇಕಾದ ಮಾತು?

ಗ್ರಾಮ ಪಂಚಾಯಿತಿಗೆ ಆರಿಸಿ ಬಂದವರು, ಸೊಸೈಟಿಯ ಆಡಳಿತ ಮಂಡಳಿ ಸೇರಿದವರು, ಸ್ವಸಹಾಯ ಸಂಘದ ಪ್ರತಿನಿಧಿಯಾದವರು, ಶಾಲೆಯ ಎಸ್‌ಡಿಎಂಸಿಗೆ ಬಂದವರು ಹೀಗೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ನಿಮ್ಮಂಥ ಹುಡುಗರು, ಹುಡುಗಿಯರು ನನ್ನಂಥ ವಯಸ್ಸಾದವರ ಹತ್ತಿರ ಬಂದಾಗ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. "ಕಾಕಾ, ಜನರ ಜೋಡಿ ಗಟ್ಟಿ ಇರಬೇಕೋ, ಮೆತ್ತಗೆ ಇರಬೇಕೋ?"

ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಅದು ಎರಡನೆಯ ಪ್ರಶ್ನೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ: ಎದುರಿಗೆ ಬಂದಿರುವ ಈ ಮಾತನ್ನು ತೀರ್ಮಾನಿಸಬೇಕಾದವರು ಯಾರು? ನಾನೊಬ್ಬನೇ ಹೇಳಿ ಮುಗಿಸಬೇಕಾದದ್ದೋ, ನಾಲ್ವರನ್ನು ಕೇಳಿ ಹೇಳಬೇಕಾದದ್ದೋ, ಸಭೆಗೆ ಬಿಡಬೇಕಾದದ್ದೋ, ಆಗಲೇ ಇರುವ ನಿಯಮವೇ ಹೇಳಿಬಿಟ್ಟಿದೆಯೋ, ಇಲ್ಲಾ ನನಗೆ ಸಂಬಂಧವೇ ಇಲ್ಲದ್ದೋ? ಇದು ತಿಳಿದರೆ ಗಟ್ಟಿ, ಮೆತ್ತಗಿನ ಪ್ರಶ್ನೆ ಬಹುಮಟ್ಟಿಗೆ ತಾನೇ ಬಗೆಹರಿಯುತ್ತದೆ. ಬೋರ್‌ವೆಲ್‌ನ ಸುಟ್ಟ ಮೋಟಾರು ಬದಲಿಸಲಿಕ್ಕೂ ಸಭೆ ಕರೆದ ಅಧ್ಯಕ್ಷರನ್ನು ನೋಡಿದ್ದೇನೆ. ಸಭೆಗೆ ಕೋರಂ ಆಗಲಿಲ್ಲ, ಊರು ನೀರಿಲ್ಲದೆ ಕೂತಿತು. ಸ್ಮಶಾನದ ಜಾಗ ಎಲ್ಲಿರಬೇಕು ಎಂಬುದನ್ನು ಮನೆಯಲ್ಲಿ ಕೂತು ತಾನೊಬ್ಬನೇ ಬರೆದುಕೊಟ್ಟವರನ್ನೂ ನೋಡಿದ್ದೇನೆ. ಅವರ ಅವಧಿ ಮುಗಿದರೂ ಆ ಜಗಳ ಮುಗಿಯಲಿಲ್ಲ. ಇಬ್ಬರೂ ಕೆಟ್ಟವರಲ್ಲ. ಒಬ್ಬರಿಗೆ ಎಲ್ಲವೂ ಸಭೆಯ ಮಾತಾಗಿ ಕಂಡಿತು, ಇನ್ನೊಬ್ಬರಿಗೆ ಎಲ್ಲವೂ ತನ್ನ ಮಾತಾಗಿ ಕಂಡಿತು.

ಇದನ್ನು ಕಲಿಯಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ತಾಲೂಕಿನ ನೆಲದಲ್ಲೇ 12ನೇ ಶತಮಾನದಲ್ಲಿ ನಡೆದದ್ದನ್ನು ಭಕ್ತಿಯಿಂದ ನಾವು ಎಷ್ಟೋ ಸಲ ಕೇಳಿದ್ದೇವೆ. ಈ ಸಲ ಸ್ವಲ್ಪ ಬೇರೆ ಕಣ್ಣಿನಿಂದ, ಕೆಲಸ ಮಾಡುವವರ ಕಣ್ಣಿನಿಂದ ನೋಡೋಣ. ಬಸವಣ್ಣ ಎಂದಕೂಡಲೇ ನಿಮಗೆ 2012ರಲ್ಲಿ ಬಸವಕಲ್ಯಾಣದಲ್ಲಿ ನಿಂತ 108 ಅಡಿಯ ಮೂರ್ತಿ ನೆನಪಾಗಬಹುದು. ಆ ಎತ್ತರದ ಮೂರ್ತಿಗೆ ಒಂದೇ ಭಂಗಿ. ಬದುಕಿದ್ದ ಬಸವಣ್ಣನಿಗೆ ಹಲವು.

ಅವನು ಮೊದಲು ಲೆಕ್ಕದವನು. ಮಂಗಳವೇಡೆಯಲ್ಲಿ ಕರಣಿಕನಾಗಿ ಸೇರಿ, ಬಿಜ್ಜಳ ಚಾಲುಕ್ಯರಿಂದ ಕಲ್ಯಾಣದ ಗದ್ದುಗೆ ಕಿತ್ತುಕೊಂಡ ಮೇಲೆ ಇಲ್ಲಿ ಭಂಡಾರಿಯಾದವನು. ಭಂಡಾರದ ಹಣವನ್ನು ಶರಣರಿಗೆ ಹಂಚಿ ಹಾಕುತ್ತಿದ್ದಾನೆ ಎಂದು ಯಾರೋ ಬಿಜ್ಜಳನ ಕಿವಿ ಊದಿದ ಪ್ರಸಂಗ ಪುರಾಣ, ರಗಳೆಗಳಲ್ಲಿ ಬರುತ್ತದೆ. ಅಲ್ಲಿ ಪವಾಡವೂ ಸೇರಿಕೊಂಡಿದೆ. ಪವಾಡವನ್ನು ಪಕ್ಕಕ್ಕಿಟ್ಟರೂ ಒಂದು ಸಂಗತಿ ಉಳಿಯುತ್ತದೆ: ದೂರು ಬಂದಾಗ ಬಸವಣ್ಣ ಭಾಷಣ ಮಾಡಲಿಲ್ಲ, ತನ್ನ ಹೆಸರನ್ನು ಮುಂದೆ ಮಾಡಲಿಲ್ಲ. ಎಣಿಸಿ ನೋಡಿ ಎಂದ. ಎಣಿಸಿದರು, ಸರಿಹೋಯಿತು. ಹಣದ ವಿಷಯದಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ ತಮ್ಮಾ. ಅಲ್ಲಿ ಚರ್ಚೆಯೂ ಬೇಡ, ದಿಟ್ಟತನವೂ ಬೇಡ. ಪುಸ್ತಕ ಬಿಚ್ಚಿಟ್ಟರೆ ಸಾಕು. ಸೊಸೈಟಿಯ ಸರ್ವಸಾಧಾರಣ ಸಭೆಯಲ್ಲಿ ಯಾರಾದರೂ ಎದ್ದು ಗೊಬ್ಬರದ ದುಡ್ಡಿನ ಬಗ್ಗೆ ಕೇಳಿದರೆ ಕೆಲವು ಅಧ್ಯಕ್ಷರು "ನನ್ನ ಮೇಲೆ ನಂಬಿಕೆ ಇಲ್ಲೇನು?" ಎಂದು ಸಿಟ್ಟಾಗುತ್ತಾರೆ. ಕೇಳಿದವನು ನಂಬಿಕೆಯ ಮಾತೇ ಎತ್ತಿರುವುದಿಲ್ಲ, ರಸೀದಿ ಕೇಳಿರುತ್ತಾನೆ.

ಅದೇ ಬಸವಣ್ಣ ಅನುಭವ ಮಂಟಪಕ್ಕೆ ಬಂದಾಗ ಬೇರೆ ಮನುಷ್ಯ. ಮಂಟಪ ಹೇಗಿತ್ತು, ಎಲ್ಲಿತ್ತು ಎಂಬುದರ ಮೇಲೆ ವಿದ್ವಾಂಸರ ವಾದ ಇನ್ನೂ ನಡೆದೇ ಇದೆ, ಅದು ನಡೆಯಲಿ. ಅಲ್ಲಿಯ ಸಂವಾದಗಳನ್ನು ವಚನಗಳಿಂದ ಹೆಣೆದ ಶೂನ್ಯಸಂಪಾದನೆ 15ನೇ ಶತಮಾನದ ಕೃತಿ. ಅದರ ಪ್ರಕಾರ ಶೂನ್ಯಸಿಂಹಾಸನದ ಮೇಲೆ ಕೂತವನು ಬಸವಣ್ಣನಲ್ಲ, ಬಳ್ಳಿಗಾವಿಯಿಂದ ಬಂದ ಅಲ್ಲಮಪ್ರಭು. ಊರು ತನ್ನದು, ಖರ್ಚು ತನ್ನದು, ಜನ ಬರುತ್ತಿದ್ದದ್ದು ತನ್ನ ಹೆಸರು ಕೇಳಿ. ಕುರ್ಚಿ ಮಾತ್ರ ಇನ್ನೊಬ್ಬರಿಗೆ. ಯಾಕೆಂದರೆ ಅಲ್ಲಿ ನಡೆಯಬೇಕಾಗಿದ್ದದ್ದು ಸತ್ಯದ ಪರೀಕ್ಷೆ. ಮನೆಯ ಯಜಮಾನನೇ ಮೇಲೆ ಕೂತರೆ ಎದುರು ಮಾತಾಡುವವರ ಗಂಟಲು ಕಟ್ಟುತ್ತದೆ. ನೀವು ಒಂದು ಕೆಲಸವನ್ನು ಶುರುಮಾಡಿದವರು ಎಂಬ ಕಾರಣಕ್ಕೇ ಅದರ ಸಭೆಯ ಅಧ್ಯಕ್ಷರೂ ಆಗಬೇಕೆಂದಿಲ್ಲ. ಇದನ್ನು ನಮ್ಮ ಭಾಗದ ಸಂಘ-ಸಂಸ್ಥೆಗಳಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಹೇಳಿಬಿಡುತ್ತೇನೆ.

ಅದೇ ಕೃತಿಯಲ್ಲಿ ಇನ್ನೊಂದು ಪ್ರಸಂಗವಿದೆ, ನನಗೆ ಬಹಳ ಇಷ್ಟವಾದದ್ದು. ಅಲ್ಲಮಪ್ರಭು ಸೊನ್ನಲಿಗೆಯ ಸಿದ್ಧರಾಮನನ್ನು ಕರೆದುಕೊಂಡು ಬಸವಣ್ಣನ ಮನೆಯಾದ ಮಹಾಮನೆಯ ಬಾಗಿಲಿಗೆ ಬರುತ್ತಾನೆ. ಬಸವಣ್ಣ ಒಳಗೆ ಲಿಂಗಪೂಜೆಯಲ್ಲಿ ಮುಳುಗಿದ್ದಾನೆ. ಬಂದವರನ್ನು ಕರೆದುಕೊಂಡು ಬಾ ಎಂದು ಹಡಪದ ಅಪ್ಪಣ್ಣನನ್ನು ಕಳಿಸುತ್ತಾನೆ. ಅಲ್ಲಮ ಒಳಗೆ ಬರುವುದಿಲ್ಲ. ಆಗ ಚೆನ್ನಬಸವಣ್ಣ ಬಸವಣ್ಣನಿಗೆ ನೇರವಾಗಿ ಹೇಳುತ್ತಾನೆ: ನೀನೇ ಎದ್ದು ಹೋಗಬೇಕು. ಚೆನ್ನಬಸವಣ್ಣ ಬಸವಣ್ಣನ ಅಕ್ಕನ ಮಗ, ವಯಸ್ಸಿನಲ್ಲಿ ಚಿಕ್ಕವನು. ಅಪ್ಪಣ್ಣ ಬಸವಣ್ಣನ ಅತ್ಯಂತ ಆಪ್ತ, ಯಾವ ಕೆಲಸವನ್ನಾದರೂ ವಹಿಸಬಹುದಾದವನು. ಆದರೂ ಈ ಕೆಲಸ ವಹಿಸುವಂಥದ್ದಾಗಿರಲಿಲ್ಲ. ಬಸವಣ್ಣ ಅಳಿಯನ ಮಾತು ಕೇಳಿ ಹೊರಗೆ ಬಂದ. ಪೂಜೆಗಿಂತ ಬಾಗಿಲಿಗೆ ಬಂದವರು ದೊಡ್ಡವರು ಎಂದು ಇದನ್ನು ಭಕ್ತಿಯ ಅರ್ಥದಲ್ಲಿ ಹೇಳುವುದುಂಟು. ನಾನು ನಿಮಗೆ ಹೇಳುವ ಅರ್ಥ ಇನ್ನೂ ಸಾದಾ. ಮನೆ ಬಿದ್ದವನ ಬಾಗಿಲಿಗೆ, ಬೆಳೆ ಹೋದವನ ಹೊಲಕ್ಕೆ, ಸಿಟ್ಟಾಗಿ ಸಂಘ ಬಿಟ್ಟವರ ಮನೆಗೆ ಪ್ರತಿನಿಧಿಯನ್ನು ಕಳಿಸಬೇಡಿ. ನೀವೇ ಹೋಗಿ. ಉಳಿದ ನೂರು ಕೆಲಸ ಬೇರೆಯವರಿಗೆ ಕೊಡಿ. ಇನ್ನೊಂದು ಮಾತು, ಇದು ನಿಮ್ಮ ಪಾಲಿನದು: ದೊಡ್ಡವರಿಗೆ ಹಾಗೆ ಹೇಳುವ ಧೈರ್ಯ ಚಿಕ್ಕವರಿಗಿರಬೇಕು. ನೀವು ಚೆನ್ನಬಸವಣ್ಣನ ವಯಸ್ಸಿನಲ್ಲಿದ್ದೀರಿ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಶಾಲೆಯಿಂದಲೇ ಗೊತ್ತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಹೆಚ್ಚಿನದ್ದನ್ನು ತಿರುಗಿ ಅಲ್ಲೇ ಹಾಕಿ ಬಾ ಎಂದು ಲಕ್ಕಮ್ಮ ಕಳಿಸಿದಳು. ಅಕ್ಕಿಯನ್ನು ಬೇಕೆಂದೇ ಹೆಚ್ಚು ಚೆಲ್ಲಿಸಿದವನು ಬಸವಣ್ಣ ಎನ್ನುತ್ತದೆ ಕಥೆ. ರಾಜ್ಯದ ಭಂಡಾರಿ ಒಳ್ಳೆಯ ಮನಸ್ಸಿನಿಂದ ಮಾಡಿದ ತೀರ್ಮಾನ ಒಂದು ಬಡಮನೆಯ ಹೊಸಿಲಲ್ಲಿ ನಿಂತುಹೋಯಿತು. ಆ ಮನೆಗೆ ಎಷ್ಟು ಅಕ್ಕಿ ಬೇಕು ಎಂಬುದು ಆ ಮನೆಯವಳು ಹೇಳಬೇಕಾದ ಮಾತಾಗಿತ್ತು. ನಾವು ಸಮಿತಿಗಳಲ್ಲಿ ಕೂತು ಬಡವರಿಗೆ ಏನು ಬೇಕು ಎಂದು ಎಷ್ಟು ಸಲ ಬರೆಯುತ್ತೇವೆ, ಲಕ್ಕಮ್ಮನನ್ನು ಕೇಳದೆ!

ಲಕ್ಕಮ್ಮನ ಮಾತು ಬಂದಾಗಲೇ ತಂಗಿಯರಿಗೆ ಒಂದು ಮಾತು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಆದರೆ ಊರಿಗೆ ಹೋಗಿ ಅಧ್ಯಕ್ಷರು ಯಾರು ಎಂದು ಕೇಳಿದರೆ ಗಂಡನ ಹೆಸರು ಹೇಳುವುದು, ಗಂಡ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಕೂಡುವುದು ಇನ್ನೂ ಹೋಗಿಲ್ಲ. ಯಾರು ತೀರ್ಮಾನಿಸಬೇಕು ಎಂದು ನಾನು ಮೇಲೆ ಕೊಟ್ಟ ಪಟ್ಟಿಯಲ್ಲಿ ಅಧ್ಯಕ್ಷೆಯ ಗಂಡ ಎಲ್ಲಿಯೂ ಇಲ್ಲ, ಗಮನಿಸಿದ್ದೀರಾ? ಸಲಹೆ ಮನೆಯಲ್ಲಿ ಕೇಳಿ, ತಪ್ಪಿಲ್ಲ. ಸಹಿ ಮಾಡುವ ಮೊದಲು ಠರಾವನ್ನು ನೀವೇ ಪೂರ್ತಿ ಓದಿ.

ಈಗ ಕಲ್ಯಾಣದ ಕಠಿಣ ಘಟ್ಟಕ್ಕೆ ಬರೋಣ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ. ಎರಡು ಮನೆಗಳು ಒಪ್ಪಿವೆ, ಶರಣರು ಹರಸಿದ್ದಾರೆ. ಊರಿನಲ್ಲಿ ಅಭಿಪ್ರಾಯ ಕೇಳಿದ್ದರೆ, ಕೈ ಎತ್ತಿಸಿದ್ದರೆ, ಆ ಮದುವೆ ಖಂಡಿತ ನಡೆಯುತ್ತಿರಲಿಲ್ಲ. ಅದು ಕೈ ಎತ್ತಿಸುವ ಸಂಗತಿಯೇ ಅಲ್ಲ. ಕೂಡಿ ಬಾಳುವವರು, ಅವರ ಮನೆಯವರು ಹೇಳಿದರೆ ಮುಗಿಯಿತು. ಊರಿನ ಕೆಲಸ ಬೆನ್ನಿಗೆ ನಿಲ್ಲುವುದು. ಬಿಜ್ಜಳ ಅದನ್ನು ಅರಮನೆಯ ಮಾತು ಮಾಡಿದ. ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ ಎಂದು ಪರಂಪರೆ ಹೇಳುತ್ತದೆ. ಮುಂದೆ, 1167ರ ಸುಮಾರಿಗೆ, ಬಿಜ್ಜಳನೂ ಕೊಲೆಯಾಗಿ ಹೋದ. ತನ್ನದಲ್ಲದ ತೀರ್ಮಾನಕ್ಕೆ ಕೈಹಾಕಿದ ದೊರೆ ಕೊನೆಗೆ ಪ್ರಾಣವನ್ನೇ ಕಳೆದುಕೊಂಡ. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಪಂಚರು, ದೈವದವರು ಯಾರದೋ ಮದುವೆಯ ಪಂಚಾಯಿತಿಗೆ ಕೂತರೆ ನೀವು ಎದ್ದು ಬನ್ನಿ. ಎದ್ದು ಬಂದು ಆ ಹುಡುಗ, ಹುಡುಗಿಯ ರಕ್ಷಣೆಗೆ ಪೊಲೀಸ್ ಠಾಣೆಗೆ ಫೋನು ಮಾಡಿ.

ಆ ಮೇಲಿನ ದಿನಗಳನ್ನು ನಮ್ಮವರು ಕಲ್ಯಾಣ ಕ್ರಾಂತಿ ಎಂದು ಒಂದು ಹೆಸರಿನಲ್ಲಿ ಮುಗಿಸಿಬಿಡುತ್ತಾರೆ. ಅದು ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು, ಮಕ್ಕಳು ಮುದುಕರನ್ನು ಎತ್ತಿಕೊಂಡು, ಹಿಂದೆ ಸೈನ್ಯ ಬರುತ್ತಿರುವಾಗ ಓಡಿದ ಕಾಲ. ಬಸವಣ್ಣ ಅಷ್ಟರಲ್ಲಿ ಕೂಡಲಸಂಗಮಕ್ಕೆ ಹೋಗಿದ್ದ. ದಾರಿ ತೋರಿಸಿದವರು ಚೆನ್ನಬಸವಣ್ಣ, ಅವನ ತಾಯಿ ಅಕ್ಕನಾಗಮ್ಮ. ಅವರು ಮುಟ್ಟಿದ್ದು ಪಶ್ಚಿಮಘಟ್ಟದ ಉಳವಿ. ಹಿಂದೆ ನಿಂತು ಸೈನ್ಯವನ್ನು ತಡೆದವನು ಮಡಿವಾಳ ಮಾಚಿದೇವ, ಬಟ್ಟೆ ಒಗೆಯುವ ಕಾಯಕದವನು. ವಚನಗಳ ಕಟ್ಟುಗಳು ಉಳಿದದ್ದು ಹೀಗೆ. ಮಂಟಪದಲ್ಲಿ ಅಲ್ಲಮನ ಮಾತು ನಡೆಯಿತು, ಕಾಡಿನ ದಾರಿಯಲ್ಲಿ ಮಾಚಿದೇವನ ಮಾತು. ಯಾರೂ "ನಾನು ಇಷ್ಟು ದಿನ ಮುಂದಿದ್ದವನು" ಎಂದು ಹಟ ಹಿಡಿಯಲಿಲ್ಲ. ಹಿಡಿದಿದ್ದರೆ ನಮಗೆ ಓದಲು ಇವತ್ತು ವಚನಗಳೇ ಇರುತ್ತಿರಲಿಲ್ಲ.

ಶರಣರನ್ನು ಬಿಟ್ಟು ಸ್ವಲ್ಪ ದೊರೆಗಳ ಕಡೆ ಬರುತ್ತೇನೆ. ಚಾಲುಕ್ಯರ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಐವತ್ತು ವರ್ಷ ಇಲ್ಲಿಂದ ಆಳಿದವನು. ಹುಮನಾಬಾದ್ ತಾಲೂಕಿನ ಜಲಸಂಗ್ವಿಯ ಗುಡಿಯ ಹೊರಗೋಡೆಯಲ್ಲಿ ಒಬ್ಬ ಚೆಲುವೆ ಅವನ ಹೊಗಳಿಕೆಯನ್ನು ಬರೆಯುತ್ತ ನಿಂತಿದ್ದಾಳೆ. ನೋಡಿರದಿದ್ದರೆ ಈ ವಾರವೇ ಹೋಗಿ ನೋಡಿ, ಪಕ್ಕದಲ್ಲೇ ಇದೆ. ಅವನ ಆಸ್ಥಾನದ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಬಂಗಾಳ ಬಿಟ್ಟು ದೇಶದ ಹೆಚ್ಚಿನ ಕಡೆ ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆಗೆ ಆಧಾರವಾಯಿತು. ಅಣ್ಣತಮ್ಮಂದಿರ ಪ್ರತಿ ಜಗಳಕ್ಕೂ ಹೊಸದಾಗಿ ಪಂಚಾಯಿತಿ ಕೂಡಿಸುವುದಕ್ಕಿಂತ ಒಂದು ನಿಯಮ ಬರೆದಿಡುವುದು ಮೇಲು ಎಂಬ ತಿಳಿವಳಿಕೆ ಅದು. ನಿಮ್ಮ ಸಂಘದಲ್ಲಿಯೂ ಪದೇ ಪದೇ ಬರುವ ಮಾತುಗಳಿರುತ್ತವೆ: ಟ್ರ್ಯಾಕ್ಟರ್ ಬಾಡಿಗೆ ಸರದಿ, ಸಾಲದ ಪಾಳಿ, ನೀರು ಬಿಡುವ ಹೊತ್ತು. ಇವನ್ನು ಒಮ್ಮೆ ಕೂತು ಬರೆದು ಗೋಡೆಗೆ ಅಂಟಿಸಿ. ಆಮೇಲೆ ನಿಮ್ಮ ಭಾವಮೈದುನ ಬಂದು ಕೇಳಿದರೂ ಗೋಡೆ ತೋರಿಸಿದರಾಯಿತು. ನಿಯಮ ಹಳತಾದರೆ ತಿದ್ದಬೇಕು, ಅದೂ ನಿಜ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡದ ಮಿತಾಕ್ಷರದ ನಿಯಮವನ್ನು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ತಿದ್ದಿತು. ತಿದ್ದಿದ್ದು ಕಾನೂನಿನ ಮೂಲಕ, ಯಾರೋ ಒಬ್ಬರ ಮುಖ ನೋಡಿ ಮಾಡಿದ ವಿನಾಯಿತಿಯಿಂದಲ್ಲ.

ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಬರೆದ. ನೂರು ಅಧ್ಯಾಯ. ರಾಜ್ಯ ಗಳಿಸುವುದು, ಉಳಿಸುವುದರಿಂದ ಹಿಡಿದು ಅಡುಗೆ, ಆನೆ, ಸಂಗೀತದವರೆಗೆ ಎಲ್ಲವೂ ಅದರಲ್ಲಿದೆ. ಅಂಥ ಪುಸ್ತಕ ಬರೆದವನ ಕಾಲದಲ್ಲೇ ಚಾಲುಕ್ಯರ ಹಿಡಿತ ಸಡಿಲವಾಗತೊಡಗಿತು, ವೇಂಗಿ ಕೈತಪ್ಪಿತು. ಅವನನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ದೊಡ್ಡ ವಿದ್ವಾಂಸ ಅವನು. ನಾಯಕತ್ವದ ಪುಸ್ತಕ ಓದಿ, ಮೊಬೈಲಿನಲ್ಲಿ ಭಾಷಣ ಕೇಳಿ, ಸೂತ್ರ ಬಾಯಿಪಾಠ ಮಾಡಿಕೊಂಡು ಬರುವ ನಿಮ್ಮ ವಾರಿಗೆಯವರಿಗಾಗಿ ಹೇಳುತ್ತಿದ್ದೇನೆ.

ಹಾಗೆಂದು ಪುಸ್ತಕಗಳನ್ನು ಅಲ್ಲಗಳೆಯುವವನಲ್ಲ ನಾನು. ಅಮೆರಿಕದಲ್ಲಿ ವಿಕ್ಟರ್ ವ್ರೂಮ್, ಫಿಲಿಪ್ ಯೆಟ್ಟನ್ ಎಂಬಿಬ್ಬರು 1973ರಲ್ಲಿ ಈ ವಿಷಯದ ಮೇಲೆಯೇ ಒಂದು ಪುಸ್ತಕ ಬರೆದರು. ಒಬ್ಬನೇ ತೀರ್ಮಾನಿಸುವುದರಿಂದ ಹಿಡಿದು ಗುಂಪಿಗೇ ಬಿಟ್ಟುಕೊಡುವವರೆಗೆ ಐದು ಮೆಟ್ಟಿಲು ಅವರು ಗುರುತಿಸಿದ್ದು. ಯಾವ ಮೆಟ್ಟಿಲಲ್ಲಿ ನಿಲ್ಲಬೇಕು ಎಂಬುದಕ್ಕೆ ಕೆಲವು ಪ್ರಶ್ನೆ. ಬೇಕಾದ ಮಾಹಿತಿ ನನ್ನ ಹತ್ತಿರ ಇದೆಯೇ? ಜನ ಒಪ್ಪದಿದ್ದರೆ ಕೆಲಸ ನಡೆಯುತ್ತದೆಯೇ? ನಾನೊಬ್ಬನೇ ಹೇಳಿದರೆ ಒಪ್ಪುತ್ತಾರೆಯೇ? ನಮ್ಮ ಕಡೆಯದನ್ನೇ ತೆಗೆದುಕೊಳ್ಳಿ. ಕುಡಿಯುವ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರು ಹಾಕಲು ಜನರ ಒಪ್ಪಿಗೆ ಬೇಕಿಲ್ಲ, ಎಷ್ಟು ಹಾಕಬೇಕೆಂಬುದು ಗೊತ್ತಿರುವವರು ಬೇಕು. ಟ್ಯಾಂಕು ಯಾವ ಓಣಿಯಲ್ಲಿ ಕಟ್ಟಬೇಕು ಎಂಬುದಕ್ಕೆ ಇಂಜಿನಿಯರ್ ಹೇಳಿದ್ದಷ್ಟೇ ಸಾಲದು, ಎಲ್ಲ ಓಣಿಯವರೂ ಕೂಡಬೇಕು. ನೀರು ಎಲ್ಲ ಕೇರಿಗೂ ಸಮನಾಗಿ ಹೋಗಬೇಕೋ ಬೇಡವೋ ಎಂಬುದು ಮಾತ್ರ ಯಾವ ಸಭೆಯ ಮುಂದೂ ಇಡುವ ವಿಷಯವಲ್ಲ. ಅದನ್ನು ಚರ್ಚೆಗೆ ಇಟ್ಟ ಗಳಿಗೆಯಲ್ಲೇ ನೀವು ಸೋತಿರಿ.

ಆಪತ್ತಿನ ಮಾತು ಬೇರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಹೊಡೆಯಲು ಇನ್ನೂ ಕೆಲವು ನಿಮಿಷವಿದ್ದಾಗ ಕಿಲ್ಲಾರಿಯಲ್ಲಿ ನೆಲ ನಡುಗಿದ್ದು ನಮ್ಮ ತಲೆಮಾರಿಗೆ ಮರೆಯುವಂಥದ್ದಲ್ಲ. ಹಿಂದಿನ ದಿನ ಗಣಪತಿ ಕಳಿಸಿ ಮಲಗಿದ್ದ ಜನ. ಕಲ್ಲು, ಮಣ್ಣಿನ ಭಾರದ ಗೋಡೆಗಳು ಮೇಲೆ ಬಿದ್ದು ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಹೋದರು. ಬಸವಕಲ್ಯಾಣದ ಗಡಿಯಿಂದ ಅದು ದೂರವೇನಲ್ಲ. ಬೀಗತನ, ಸಂತೆ, ವ್ಯಾಪಾರ ಎಲ್ಲ ಆ ಕಡೆಯೂ ಹಬ್ಬಿದ ನೆಲ ನಮ್ಮದು. ಅಂಥ ಬೆಳಗಿನಲ್ಲಿ ಯಾರೂ ಸಭೆ ಕರೆಯುವುದಿಲ್ಲ. ನೀನು ಹಾರೆ ತಾ, ನೀನು ಹಗ್ಗ ಹಿಡಿ, ಹೆಣ್ಣುಮಕ್ಕಳನ್ನು ಬಯಲಿಗೆ ಕಳಿಸು ಎಂದು ಒಬ್ಬರ ದನಿ ಕೇಳಬೇಕು. ಆ ದನಿ ಯಾರದಾದರೂ ಸರಿ, ಅಧಿಕಾರ ಇದ್ದವರದೇ ಆಗಬೇಕೆಂದಿಲ್ಲ.

ಆದರೆ ತಿಂಗಳು ಕಳೆದ ಮೇಲೆ ಅದೇ ಭೂಕಂಪ ಬೇರೆ ಬಗೆಯ ಪ್ರಶ್ನೆಯಾಯಿತು. ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಿತು. ಮನೆಗಳು ಗಟ್ಟಿಯಾಗಿದ್ದವು. ಆದರೆ ಪಟ್ಟಣದ ಬಡಾವಣೆಯಂತೆ ನೆಟ್ಟಗಿನ ರಸ್ತೆ, ಅಗಲ ಹರವಿದ ಸಾಲು. ದನ ಕಟ್ಟುವುದೆಲ್ಲಿ, ರಾಶಿ ಹಾಕುವುದೆಲ್ಲಿ, ಅಣ್ಣತಮ್ಮಂದಿರು ಅಕ್ಕಪಕ್ಕ ಇರುವುದು ಹೇಗೆ ಎಂಬ ಕೊರಗು ಎಷ್ಟೋ ಊರುಗಳಲ್ಲಿ ಉಳಿಯಿತು. ಮನೆ ಇದ್ದಲ್ಲೇ ದುರಸ್ತಿ ಮಾಡಿಕೊಳ್ಳಬೇಕಾದ ಹಳ್ಳಿಗಳಲ್ಲಿ ಮಾತ್ರ ಹಣವನ್ನು ಮನೆಯವರ ಕೈಗೇ ಕೊಟ್ಟು, ಊರಿನ ಹೆಣ್ಣುಮಕ್ಕಳನ್ನೇ ಸಂವಾದ ಸಹಾಯಕರನ್ನಾಗಿ ನೇಮಿಸಿ, ಕೇಳಿ ಕೇಳಿ ಕೆಲಸ ನಡೆಸಿದರು. ಮೊದಲ ದಿನದ ಆಜ್ಞೆಯ ದನಿ ಮೂರನೇ ತಿಂಗಳಿಗೂ ಹಾಗೇ ಮುಂದುವರಿದರೆ ಅದು ದರ್ಪ. ಆಪತ್ತಿನಲ್ಲಿ ಮೆರೆದವರು ಇಲ್ಲೇ ಎಡವುವುದು. ಜನ ಒಮ್ಮೆ ಮಾತು ಕೇಳಿದ ರುಚಿ ಅವರನ್ನು ಬಿಡುವುದಿಲ್ಲ.

ಇದರ ತಿರುವು ಮುರುವು ಸ್ವಸಹಾಯ ಸಂಘಗಳಲ್ಲಿದೆ. ನಬಾರ್ಡ್ 1992ರಲ್ಲಿ ಸಂಘಗಳಿಗೆ ಬ್ಯಾಂಕಿನ ನಂಟು ಕೂಡಿಸುವ ಪ್ರಯೋಗ ಆರಂಭಿಸಿತು. ಅದೇ ದಶಕದಲ್ಲಿ ಬೀದರ್ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಸೊಸೈಟಿಗಳ ಮೂಲಕ ಹಳ್ಳಿ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಸಂಘ ಕಟ್ಟಲು ಹೊರಟು, ಸಹಕಾರಿ ರಂಗ ಇತ್ತ ತಿರುಗಿ ನೋಡುವಂತೆ ಮಾಡಿತು. ಸಂಘ ಹೊಸದಾಗಿದ್ದಾಗ ವಾರದ ಉಳಿತಾಯ ಎಣಿಸಿ, ಪಾಸ್‌ಬುಕ್ಕು ತುಂಬಿ, ಠರಾವು ಬರೆದು, ಬ್ಯಾಂಕಿಗೆ ಕರೆದುಕೊಂಡು ಹೋಗಿ, ಎಲ್ಲವನ್ನೂ ಒಬ್ಬರು ಹೇಳಿಕೊಡಬೇಕು. ಆಗ "ನೀವೇ ತೀರ್ಮಾನಿಸ್ರಿ" ಎಂದರೆ ಅದು ಪ್ರಜಾಪ್ರಭುತ್ವವಲ್ಲ, ಕೈಬಿಟ್ಟು ಹೋಗುವುದು. ಬರಬರುತ್ತ ಆ ಹೆಣ್ಣುಮಕ್ಕಳೇ ಯಾರಿಗೆ ಸಾಲ ಕೊಡಬೇಕು, ಯಾರ ಕಂತು ಈ ಸಲ ಮುಂದೂಡಬೇಕು ಎಂಬುದನ್ನು ಬ್ಯಾಂಕಿನ ಅಧಿಕಾರಿಗಿಂತ ಚೆನ್ನಾಗಿ ಹೇಳುವವರಾದರು. ಯಾರ ಗಂಡ ಕುಡಿಯುತ್ತಾನೆ, ಯಾರ ಎಮ್ಮೆ ಈದಿದೆ, ಯಾರ ಮಗಳ ಹೆರಿಗೆ ಹತ್ತಿರ ಬಂದಿದೆ ಎಂಬುದು ಅವರಿಗೆ ಗೊತ್ತು. ಆ ಹೊತ್ತಿಗೆ ಪೆನ್ನು ಅವರ ಕೈಗೆ ಹೋಗಬೇಕು. ಪೆನ್ನು ಬಿಡದ ಪ್ರತಿನಿಧಿಯಿಂದ ಒಳ್ಳೊಳ್ಳೆಯ ಸಂಘಗಳು ನಿಂತುಹೋದದ್ದುಂಟು. ಅವಳು ಕಳ್ಳಿಯೇನಲ್ಲ. "ನಾನಿಲ್ಲದಿದ್ದರೆ ಇವರಿಗೆ ಏನೂ ತಿಳಿಯುವುದಿಲ್ಲ" ಎಂಬ ಪ್ರೀತಿಯೇ ಅವಳಿಗೆ ಅಡ್ಡ ಬಂದದ್ದು. ಪಾಲ್ ಹರ್ಸಿ, ಕೆನ್ ಬ್ಲಾಂಚಾರ್ಡ್ ಎಂಬಿಬ್ಬರು 1969ರಲ್ಲಿ ಇದನ್ನೇ ಒಂದು ಸಿದ್ಧಾಂತ ಮಾಡಿ ಹೆಸರು ಗಳಿಸಿದರು: ಜೊತೆಗಿರುವವರು ಬಲಿತ ಹಾಗೆ ಮುಂದಾಳು ಹೇಳುವುದನ್ನು ಕಡಿಮೆ ಮಾಡುತ್ತ ಹೋಗಬೇಕು. ನಮ್ಮ ಹಿರಿಯ ಹೆಣ್ಣುಮಕ್ಕಳು ಸೊಸೆಗೆ ಸಂಸಾರದ ಬೀಗದ ಕೈ ಕೊಡುವಾಗ ಮಾಡುವುದೂ ಅದನ್ನೇ. ಎಲ್ಲರೂ ಅಲ್ಲ, ತಿಳಿದವರು.

ಅವಸರ, ನಿಧಾನದ ಬಗ್ಗೆ ಎರಡು ಮಾತು. ತಿರುಗಿ ಸರಿಪಡಿಸಬಹುದಾದ ತೀರ್ಮಾನವನ್ನು ಬೇಗ ಮಾಡಿ, ಸರಿಪಡಿಸಲಾಗದ್ದನ್ನು ತಡೆದು ಮಾಡಿ. ಹೊಸ ತಳಿಯ ಸೋಯಾ ಒಂದೆರಡು ಎಕರೆಯಲ್ಲಿ ಬಿತ್ತಿ ನೋಡಲು ಸದಸ್ಯರನ್ನು ಒಪ್ಪಿಸಲು ತಿಂಗಳು ಕಳೆದರೆ ಮುಂಗಾರಿನ ಹದವೇ ಹೋಗುತ್ತದೆ. ಸಂಘದ ಜಮೀನು ಮಾರುವ ಮಾತಿಗೆ ಒಂದು ವರ್ಷ ತೆಗೆದುಕೊಂಡರೂ ನಷ್ಟವಿಲ್ಲ. ನಾನು ಕಂಡಂತೆ ನಮ್ಮಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಇನ್ನು ಕೆಲವು ಕೆಲಸ ನಿಮ್ಮ ಅವಧಿಯಲ್ಲಿ ಮುಗಿಯುವಂಥವೇ ಅಲ್ಲ. ಹುಮನಾಬಾದ್ ಮೇಲಿಂದ ಹೋಗುವ ಬೀದರ್-ಕಲಬುರಗಿ ರೈಲು ಮಾರ್ಗ 1990ರ ದಶಕದ ಮಂಜೂರಾತಿ, ಪೂರ್ಣ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಅರ್ಜಿ ಬರೆದವರು, ದಿಲ್ಲಿಗೆ ಅಲೆದವರು ಎಷ್ಟೋ ಜನ ಆ ರೈಲು ಹತ್ತಲಿಲ್ಲ. ಅಂಥ ಕೆಲಸದಲ್ಲಿ ನಿಮ್ಮ ಪಾತ್ರ ಕಡತವನ್ನು ಸರಿಯಾಗಿ ಇಟ್ಟು ಮುಂದಿನವರ ಕೈಗೆ ಕೊಡುವುದು. ಹಳೆಯ ಅಧ್ಯಕ್ಷರ ಕೆಲಸ ಎಂದು ಫೈಲು ಮೂಲೆಗೆ ಹಾಕುವವರು ಊರಿಗೆ ಮಾಡುವ ನಷ್ಟ ಬರಗಾಲಕ್ಕಿಂತ ಕಡಿಮೆಯದಲ್ಲ.

ಕೊನೆಗೆ ಒಂದು ಎಚ್ಚರಿಕೆ. ಸಂದರ್ಭಕ್ಕೆ ತಕ್ಕಂತೆ ನಡೆಯಬೇಕು ಎಂಬ ಮಾತನ್ನು ಗಾಳಿ ಬಂದಲ್ಲಿ ತಿರುಗುವವರು ಬಹಳ ಬೇಗ ಕಲಿಯುತ್ತಾರೆ. ಬೆಳಿಗ್ಗೆ ಒಂದು ಬಣ, ಸಂಜೆ ಇನ್ನೊಂದು ಬಣ, ಕೇಳಿದರೆ ಸಂದರ್ಭ ಹಾಗಿತ್ತು ಎನ್ನುತ್ತಾರೆ. ಬಸವಣ್ಣ ಭಂಡಾರದಲ್ಲಿ ಒಂದು ಬಗೆ, ಮಂಟಪದಲ್ಲಿ ಒಂದು ಬಗೆ, ಬಾಗಿಲಿಗೆ ಬಂದವರ ಮುಂದೆ ಇನ್ನೊಂದು ಬಗೆ ನಡೆದ. ಆದರೆ ಹುಟ್ಟು ನೋಡಿ ಮನುಷ್ಯರನ್ನು ಅಳೆಯುವುದಿಲ್ಲ ಎಂಬುದನ್ನು ಮೂರು ಕಡೆಯೂ ಬಿಡಲಿಲ್ಲ, ಅದಕ್ಕಾಗಿ ಕಲ್ಯಾಣವನ್ನೇ ಬಿಟ್ಟ. ನಡೆಸುವ ರೀತಿ ಬದಲಾಗಲಿ. ಲೆಕ್ಕ ಬಿಚ್ಚಿಡುವುದು, ಎದುರಿಗೂ ಬೆನ್ನಿಗೂ ಒಂದೇ ಮಾತಾಡುವುದು, ನೀರು ಮತ್ತು ರಸ್ತೆಗೆ ಕೇರಿ ನೋಡದಿರುವುದು, ಇವು ಬದಲಾಗದಿರಲಿ. ಇವನ್ನು ಬದಲಿಸು ಎಂದು ಸಂದರ್ಭ ಒತ್ತಾಯ ಮಾಡಿದರೆ ಕುರ್ಚಿಗೆ ರಾಜೀನಾಮೆ ಬರೆಯುವುದೂ ಒಂದು ತೀರ್ಮಾನವೇ, ಅದನ್ನು ನೀವೊಬ್ಬರೇ ಮಾಡಬಹುದು.

ಮುಂದಿನ ಸಭೆಯ ನೋಟೀಸು ಬಂದಾಗ ಹೀಗೆ ಮಾಡಿ. ವಿಷಯಪಟ್ಟಿಯ ಒಂದೊಂದು ಸಾಲಿನ ಎದುರೂ ಪೆನ್ಸಿಲ್ಲಿನಲ್ಲಿ, ಇದನ್ನು ತೀರ್ಮಾನಿಸಬೇಕಾದವರು ಯಾರು ಎಂದು ಬರೆದುಕೊಳ್ಳಿ. ಎಲ್ಲ ಸಾಲಿಗೂ ನಿಮ್ಮದೇ ಹೆಸರು ಬಂದಿದ್ದರೆ, ಅಥವಾ ಒಂದು ಸಾಲಿಗೂ ಬಂದಿರದಿದ್ದರೆ, ಸಭೆಗೆ ಹೊರಡುವ ಮೊದಲು ಪಟ್ಟಿಯನ್ನು ಇನ್ನೊಮ್ಮೆ ಓದಿ.